ಹಸಿರು ಗುಂಡಿಯ ಬಗ್ಗೆ ಒಂದು ಸ್ಪಷ್ಟನೆ

ಜೆರಾಕ್ಸ್ ಯಂತ್ರಕ್ಕೆ ದೊಡ್ಡ ಹಸಿರು ಗುಂಡಿಯನ್ನು ಸೂಚಿಸಿದವರು ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ ಎಂಬ ಮಾತು, ವಿನ್ಯಾಸಕಾರರೂ ಸಮಾಜ ವಿಜ್ಞಾನಿಗಳೂ ಜೊತೆಗೂಡಿ ದುಡಿದುದಕ್ಕೆ ಉದಾಹರಣೆಯಾಗಿ ಬಹಳ ಕಾಲದಿಂದ ಹರಿದಾಡುತ್ತಿದೆ. ಇದು ನಿಜವಲ್ಲ. ಆ ಗುಂಡಿ ಅವರ ಅಧ್ಯಯನಕ್ಕೂ ಮೊದಲೇ ಯಂತ್ರದ ಮೇಲಿತ್ತು. ಅದನ್ನು ಒತ್ತಿದರೆ ಸಾಕು ಎಂಬ ಧಾಟಿಯಲ್ಲೇ ಜಾಹೀರಾತೂ ಇತ್ತು. ಸಚ್‌ಮನ್ ಅವರೇ ಈ ಕಥೆಯನ್ನು ತಮ್ಮ ಬರಹದಲ್ಲಿ ತಿದ್ದಿದ್ದಾರೆ.

ಯಂತ್ರ ಬಳಸಲು ಕಷ್ಟವೆಂಬ ಗ್ರಾಹಕರ ದೂರಿನ ಬೆನ್ನಿಗೆ, ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಗಿದ್ದ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಅವರು ಜನ ಅದನ್ನು ಬಳಸುವುದನ್ನೇ ಚಿತ್ರೀಕರಿಸಿದರು. ಕೃತಕ ಬುದ್ಧಿಮತ್ತೆಯ ಆದ್ಯರಲ್ಲೊಬ್ಬರಾದ ಆಲನ್ ನ್ಯೂವೆಲ್ ಮತ್ತು ಭಾಷಾವಿಜ್ಞಾನಿ ರಾನ್ ಕಪ್ಲಾನ್ ಒಂದು ಪ್ರತಿ ತೆಗೆಯಲು ಯಂತ್ರದೆದುರು ತಡವರಿಸುವ ದೃಶ್ಯ, ತಪ್ಪು ಬಳಸುವವರ ದಡ್ಡತನದ್ದಲ್ಲ ಎಂಬುದನ್ನು ಎತ್ತಿ ತೋರಿಸಿತು. ಮುಂದೆ ಯಂತ್ರಕ್ಕೆ ಜೋಡಿಸಿದ ಸಹಾಯ ವ್ಯವಸ್ಥೆಯೊಂದನ್ನು ಪರೀಕ್ಷಿಸುವಾಗ, ಬಳಸುವವರ ಒಂದೊಂದು ಮಾತನ್ನೂ ಚಲನೆಯನ್ನೂ ಸಚ್‌ಮನ್ ನಾಲ್ಕು ಕಂಬಸಾಲುಗಳಲ್ಲಿ (ಕಾಲಮ್‌ಗಳಲ್ಲಿ) ಬರೆದಿಟ್ಟರು: ಯಂತ್ರಕ್ಕೆ ಕಾಣದ್ದು, ಕಾಣುವಂಥದ್ದು, ಯಂತ್ರ ಜನರಿಗೆ ತೋರಿಸಿದ್ದು, ಅದರ ಹಿಂದಿದ್ದ ವಿನ್ಯಾಸದ ತರ್ಕ. ಜೊತೆಯಾಗಿ ಯಂತ್ರ ಬಳಸಿದ ಇಬ್ಬರು ಗೊಂದಲದಲ್ಲಿ ಪರಸ್ಪರ ಆಡಿಕೊಂಡ ಮಾತೆಲ್ಲ ಮೊದಲ ಕಂಬಸಾಲಿಗೇ ಬಿದ್ದವು. ಯಂತ್ರಕ್ಕೆ ತಿಳಿದದ್ದು ಮುಚ್ಚಳ ತೆರೆದದ್ದು, ಗುಂಡಿ ಒತ್ತಿದ್ದು ಇಷ್ಟೇ. ನನ್ನ ಮಟ್ಟಿಗೆ ಈ ಕಂಬಸಾಲುಗಳೇ ಆ ಅಧ್ಯಯನದ ನಿಜವಾದ ಕೊಡುಗೆ. 1987ರಲ್ಲಿ ಪ್ರಕಟವಾದ ಅವರ ಪುಸ್ತಕ ವಾದಿಸಿದ್ದು ಗುಂಡಿಯ ಬಣ್ಣದ ಬಗ್ಗೆ ಅಲ್ಲ. ಮನುಷ್ಯರು ಕೆಲಸ ಮಾಡುವುದು ಮೊದಲೇ ಹಾಕಿದ ಯೋಜನೆಯ ಪ್ರಕಾರವಲ್ಲ, ಎದುರಿನ ಸಂದರ್ಭಕ್ಕೆ ತಕ್ಕಂತೆ ಎಂಬುದನ್ನು.