ಹೋಟೆಲಿಗೆ ಆಳು ಬೇಕು: ಪರಿಚಯವಷ್ಟೇ ಸಾಕೇ?

ಪ್ರಶ್ನೆ: ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಪರಿಚಯಸ್ಥರ ಮಾತಿನ ಮೇಲೆ ಕೆಲಸಕ್ಕೆ ಸೇರಿಸಿಕೊಳ್ಳುವ ರೂಢಿ ಮುಂದುವರಿಯಬೇಕೇ?

ಪರ

ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಊಟದ ಮನೆಗಳು ಹೆಸರು ಮಾಡಿದ ಕಾಲದಿಂದಲೂ ಮುಂಬಯಿಯ ಉಡುಪಿ ಹೋಟೆಲುಗಳು ಜಾಹೀರಾತು ಕೊಟ್ಟು ಆಳು ಹುಡುಕಿದ್ದು ಕಡಿಮೆ. ಭಟ್ಟರ ಅಳಿಯ, ಮ್ಯಾನೇಜರರ ನೆರೆಮನೆಯವನು, ಹಳೆಯ ಸಪ್ಲಾಯರನ ತಮ್ಮ, ಹೀಗೆ ಒಬ್ಬರ ಬೆನ್ನಿಗೊಬ್ಬರು ಕುಂದಾಪುರ, ಕಾರ್ಕಳಗಳ ಕಡೆಯಿಂದ ಬಂದರು. ಇದನ್ನು ಬರಿಯ ಸ್ವಜನಪಕ್ಷಪಾತವೆಂದು ತಳ್ಳಿಹಾಕುವವರು ಹೋಟೆಲಿನ ಕೆಲಸವನ್ನು ಹತ್ತಿರದಿಂದ ಕಂಡವರಲ್ಲ. ಮಧ್ಯಾಹ್ನ ಒಂದು ಗಂಟೆಗೆ ಗಿರಾಕಿಗಳು ನುಗ್ಗಿದಾಗ, ಆರು ಟೇಬಲುಗಳ ಆರ್ಡರನ್ನು ನೆನಪಿನಲ್ಲಿಟ್ಟುಕೊಂಡು, ಎಡಗೈಯ ಮೇಲೆ ಮೂರು ತಟ್ಟೆ ಜೋಡಿಸಿ, ಸಾಂಬಾರು ತಡವಾಯಿತೆಂದು ರೇಗಿದವರಿಗೆ ಎದುರಾಡದೆ ಓಡಾಡಬಲ್ಲವನು ಯಾರೆಂಬುದು ಅರ್ಜಿಯ ಹಾಳೆಯಿಂದಾಗಲಿ ಹತ್ತು ನಿಮಿಷದ ಸಂದರ್ಶನದಿಂದಾಗಲಿ ತಿಳಿಯುವಂಥದ್ದಲ್ಲ. ಹುಡುಗನ ಸ್ವಭಾವ ಬಲ್ಲವನು ಅವನನ್ನು ಕರೆತಂದವನು. ತನ್ನ ಮಾತು ಸುಳ್ಳಾದರೆ ಧನಿಗಳ ಮುಂದೆ ತಲೆ ತಗ್ಗಿಸಬೇಕಾದವನೂ ಅವನೇ ಆದ್ದರಿಂದ, ಕೆಲಸ ಕಲಿಸುವ ಹೊಣೆಯನ್ನೂ ಅವನು ಹೊರುತ್ತಾನೆ. ಹೊಸಬನಿಗೆ ಮಲಗಲು ಜಾಗ ತೋರಿಸಿ, ಜ್ವರ ಬಂದರೆ ಗಂಜಿ ಕಾಯಿಸಿ, ಸಂಜೆ ಕನ್ನಡ ರಾತ್ರಿ ಶಾಲೆಗೆ ಕಳಿಸಿದ ಹಿರಿಯರಿಂದಾಗಿ, ಹಗಲು ಟೇಬಲ್ ಒರೆಸಿ ರಾತ್ರಿ ಓದಿ ಮೇಲೆ ಬಂದವರು ಈ ನಗರದಲ್ಲಿದ್ದಾರೆ. ಈ ಕೆಲಸವನ್ನು ಯಾವ ಏಜೆನ್ಸಿಯೂ ಮಾಡಲಾರದು.

ವಿರೋಧ

ಕರೆತಂದವರ ಆ ಋಣವೇ ತೊಡಕಿನ ಮೂಲ. ವಾರದ ರಜೆ ಬೇಕೆಂದು, ಹೆಚ್ಚುವರಿ ಗಂಟೆಗೆ ಕೂಲಿ ಬೇಕೆಂದು ಹುಡುಗ ಬಾಯಿ ತೆರೆದರೆ, ಆ ಮಾತು ಗಲ್ಲೆಯಲ್ಲಿ ಕೂತವರನ್ನು ತಲುಪುವ ಮೊದಲೇ ಊರಿನಲ್ಲಿ ಅಪ್ಪನ ಕಿವಿಗೆ ಬಿದ್ದಿರುತ್ತದೆ. ಇಲ್ಲಿ ‘ಒಳ್ಳೆಯ ಹುಡುಗ’ ಎನಿಸಿಕೊಳ್ಳುವುದು ಕೆಲಸದಿಂದಲೋ ತಗ್ಗಿ ನಡೆಯುವುದರಿಂದಲೋ ಎಂಬುದನ್ನು ಯಾರೂ ಬಿಡಿಸಿ ನೋಡುವುದಿಲ್ಲ. ರಾತ್ರಿ ಶಾಲೆಯ ಹೆಮ್ಮೆಯನ್ನು ಹೇಳುವವರು ಅಲ್ಲಿ ಓದಿದವರ ವಯಸ್ಸನ್ನು ಹೇಳುವುದು ಅಪರೂಪ. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ಸರ್ಕಾರ 2006ರ ಅಕ್ಟೋಬರ್ 10ರಿಂದ ನಿಷೇಧಿಸಿತು. ಅದಕ್ಕೆ ಮುಂಚೆ ಅಂಥ ಮಕ್ಕಳು ಬರುತ್ತಿದ್ದುದೂ ಇದೇ ಪರಿಚಯದ ದಾರಿಯಲ್ಲಿ.

ಅಲ್ಲದೆ, ಕರಾವಳಿಯ ಹುಡುಗರು ಈಗ ಓದಿ ಬೇರೆ ಉದ್ಯೋಗಗಳಿಗೆ ಹೋಗುತ್ತಿದ್ದಾರೆ. ತಟ್ಟೆ ತೊಳೆಯುವವರು, ಹಿಟ್ಟು ರುಬ್ಬುವವರು ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶಗಳಿಂದ ಬಂದಿರುವಾಗ, ಕ್ಯಾಪ್ಟನ್ ಮತ್ತು ಕ್ಯಾಷಿಯರ್ ಕೆಲಸಗಳನ್ನು ‘ನಮ್ಮ ಕಡೆಯವರಿಗೆ’ ಎತ್ತಿಟ್ಟರೆ, ವರ್ಷಗಟ್ಟಲೆ ಚೆನ್ನಾಗಿ ದುಡಿದವನಿಗೂ ತೊಟ್ಟಿಯಿಂದ ಈಚೆಗೆ ದಾರಿಯಿರುವುದಿಲ್ಲ. ಹೆಂಗಸರ ಮಾತಂತೂ ಈ ಪರಿಚಯದ ಪಟ್ಟಿಯಲ್ಲಿ ಬರುವುದೇ ಇಲ್ಲ.

ಕೆಲಸವೂ ಬದಲಾಗಿದೆ. ಸ್ವಿಗ್ಗಿ, ಝೊಮ್ಯಾಟೊಗಳ ಆರ್ಡರು ಪರದೆಯ ಮೇಲೆ ಬಂದಾಗ ‘ಈರುಳ್ಳಿ ಬೇಡ’ ಎಂಬ ಸಾಲನ್ನು ಓದದೆ ಪೊಟ್ಟಣ ಕಟ್ಟಿದವನ ತಪ್ಪಿಗೆ, ಅವನನ್ನು ಕರೆತಂದ ಮಾವನ ಜಾಮೀನು ಪರಿಹಾರವಾಗದು. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಅಂಥ ಪ್ರತಿ 25 ಮಂದಿಗೆ ಒಬ್ಬ ತರಬೇತಾದ ಮೇಲ್ವಿಚಾರಕನಿರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಇಂಥ ಮೇಲ್ವಿಚಾರಕನನ್ನು ಸಂಬಂಧ ನೋಡಿ ಆರಿಸುವುದು ಅಪಾಯ.

ಪರಿಚಯದಿಂದ ಬಂದವನನ್ನು ಬಾಗಿಲಲ್ಲೇ ತಡೆಯಬೇಕೆಂದು ಇಲ್ಲಿಯ ವಾದವಲ್ಲ. ಪರಿಚಯ ಇರಲಿ, ಇಲ್ಲದಿರಲಿ, ಬಂದವರೆಲ್ಲರಿಗೂ ಸಂಬಳ ಕೊಟ್ಟು ಒಂದು ವಾರ ಕೆಲಸ ಮಾಡಿಸಿ ನೋಡಬಹುದು. ಆರ್ಡರು ತಪ್ಪಿದ್ದೆಷ್ಟು, ಲೆಕ್ಕ ಸರಿಬಂತೇ, ಕೈ ಶುಚಿಯೇ ಎಂಬುದನ್ನು ಬರೆದಿಟ್ಟು, ಕೆಲಸದಲ್ಲಿ ಉಳಿದುಕೊಂಡವರಿಗೆ ಸಂಬಳ ಮತ್ತು ರಜೆ ನಮೂದಿಸಿದ ನೇಮಕಾತಿ ಪತ್ರ ಕೊಡಬಹುದು. ಆದರೆ ಹೊಸಬನ ಸಂಬಳ, ಬಡ್ತಿ, ರಜೆಗಳನ್ನು ತೀರ್ಮಾನಿಸುವ ಜಾಗದಲ್ಲಿ ಅವನನ್ನು ಕರೆತಂದವರು ಕೂರಕೂಡದು.