ಸತ್ಯಾಂಶ: ಎಸಿ ಇದ್ದರೆ ಹಲ್ಲಿನ ದವಾಖಾನೆಯ ಗಾಳಿ ಶುದ್ಧವೇ?

"ಎಸಿ ಇರುವ ಹಲ್ಲಿನ ದವಾಖಾನೆಗೇ ಹೋಗಿ, ಅದು ರೋಗಾಣು ಹೀರಿಕೊಳ್ಳುತ್ತದೆ" ಎಂಬ ಸಂದೇಶ ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸಾಮಾನ್ಯ ಸ್ಪ್ಲಿಟ್ ಎಸಿ ಕೋಣೆಯೊಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ. ಹೊರಗಿನ ಗಾಳಿ ತರುವುದಿಲ್ಲ. ಹಲ್ಲು ಕ್ಲೀನ್ ಮಾಡುವಾಗ ಏಳುವ ತುಂತುರಿನಲ್ಲಿ ಹೆಚ್ಚಿನದು ಯಂತ್ರದ ನೀರೇ. ಆದರೂ ಎಂಜಲು, ರಕ್ತದ ಕಣಗಳು ಅದರಲ್ಲಿ ಸೇರಿರುತ್ತವೆ. ದೊಡ್ಡ ಹನಿ ಬೇಗ ಕೆಳಗೆ ಬೀಳುತ್ತದೆ. 5 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಚಿಕ್ಕವು ಬಹಳ ಹೊತ್ತು ತೇಲಬಲ್ಲವು. ಬಾಯಿಯ ಬಳಿಯೇ ಹಿಡಿಯುವ ಜೋರಾದ ಸಕ್ಷನ್ (ಹೀರುವ ಕೊಳವೆ) ಈ ತುಂತುರಿನ ಬಹುಪಾಲನ್ನು ಹುಟ್ಟುವಲ್ಲೇ ಎಳೆದುಕೊಳ್ಳುತ್ತದೆ. ನನ್ನ ಪ್ರಕಾರ ಅದೇ ಮುಖ್ಯ. ಜತೆಗೆ ಎಕ್ಸಾಸ್ಟ್ ಫ್ಯಾನ್, ವೈದ್ಯರಿಗೆ ಎನ್‌95 ಮಾಸ್ಕ್. ನಮ್ಮ ಬೇಸಿಗೆಯಲ್ಲಿ ಕಿಟಕಿ ಮುಚ್ಚುವುದು ಸಹಜ. ಒಬ್ಬ ರೋಗಿ ಎದ್ದ ಮೇಲಾದರೂ ತೆರೆಯಬೇಕು.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಅದು ಗಾಳಿಯಲ್ಲಿ ಹರಡುವ ಕ್ಷಯ (ಟಿಬಿ) ಇರಬಹುದು, ಮೊದಲು ಕಫ ಪರೀಕ್ಷೆ ಮಾಡಿಸಿ. ತುರ್ತಲ್ಲದ ಕ್ಲೀನಿಂಗ್ ಮುಂದಕ್ಕೆ ಹಾಕಿ.