ಹದಿಮೂರನೇ ಮಹಡಿ ಎಲ್ಲಿ ಹೋಯ್ತು?

ಇವತ್ತು ಅಂಗಡಿಯಲ್ಲಿ ಬಿಲ್ 6.66 ಡಾಲರ್ ಆಯಿತು. ಕೌಂಟರಿನಲ್ಲಿದ್ದ ಅಜ್ಜಿ ಮುಖ ಕಿವುಚಿ, "ಒಂದು ಚೂಯಿಂಗ್ ಗಮ್ ಸೇರಿಸಲಾ?" ಅಂದರು. ಹಾಲು, ಬ್ರೆಡ್ಡಿನಲ್ಲಿ ಸೈತಾನ ಕೂತಿದ್ದಾನಾ? ಬೈಬಲ್ಲಿನಲ್ಲಿ ಸೈತಾನನ ಕಡೆಯ ಮೃಗದ ಸಂಖ್ಯೆ 666 ಅಂತಿದೆ, ಸರಿ. ಕೆಲವು ಹಳೆಯ ಪ್ರತಿಗಳಲ್ಲಿ ಅದೇ 616! ಹಾಗಾದರೆ 6.16ಕ್ಕೂ ಗಮ್ ಕೊಳ್ಳಬೇಕಾ? ಈ ಅಮೆರಿಕದಲ್ಲಿ 666 ನಂಬರಿನ ಹೆದ್ದಾರಿಯನ್ನೇ 2003ರಲ್ಲಿ 491 ಮಾಡಿದರು. ಪಾಪ, ಸೈತಾನನಿಗೆ ದಾರಿ ತಪ್ಪಿರಬೇಕು.

ಗಮ್ ಜಗಿಯುತ್ತಾ ಮನೆಗೆ ಬಂದು ಲಿಫ್ಟ್ ಹತ್ತಿದೆ. 12 ಆದಮೇಲೆ ಸೀದಾ 14. ಹದಿಮೂರು ಅಪಶಕುನವಂತೆ! ಯೇಸುವಿನ ಕೊನೆಯ ಭೋಜನಕ್ಕೆ ಹದಿಮೂರು ಜನ ಕೂತಿದ್ದಕ್ಕೆ ನನ್ನ ಮಹಡಿಗೆ ಯಾಕೆ ಶಿಕ್ಷೆ? ಹೊರಗೆ ನಿಂತು ಎಣಿಸಿದರೆ ನಾನಿರುವುದು ಹದಿಮೂರರಲ್ಲೇ ಅಲ್ವಾ? ಬಟನ್ ಬದಲಾಯಿಸಿದರೆ ಮೋಸ ಹೋಗುವಷ್ಟು ಪೆದ್ದನಾ ಆ ಸೈತಾನ? ಬಾಡಿಗೆ ಮಾತ್ರ ಹದಿನಾಲ್ಕನೇ ಮಹಡಿಯದ್ದೇ!